ಭರತ ಬರಲಿ

ಶಿರ್ವ ಪೇಟೆಯ ನನ್ನ ಅಂಗಡಿಗೆ ಬಂದವರಿಗೆ ಗೊತ್ತು:
ನಾನು ಕೂತೇ ಅಳತೆ ತೆಗೆಯುವವಳು.
ಸೊಂಟ, ತೋಳು, ಕುತ್ತಿಗೆಯ ಇಳಿ.
ಎತ್ತರದ ಗಿರಾಕಿಯಾದರೆ ಬಗ್ಗಲು ಹೇಳುತ್ತೇನೆ,
ಬಗ್ಗುತ್ತಾರೆ. ಯಾರೂ ಬೇಜಾರು ಮಾಡಿದ್ದಿಲ್ಲ.

ಹನ್ನೊಂದು ವರ್ಷದ ರವಿಕೆ ಕೂಲಿ ಕೂಡಿಟ್ಟು
ಟಿಕೆಟು ತೆಗೆದೆ. ಒಮಾನು. ತಂಗಿ ಜೆಸ್ಸಿ ಅಲ್ಲಿ ನರ್ಸು.
ಕೊರಳಿಗೆ ಟೇಪು ಹಾಕಿಕೊಂಡೇ ಹೊರಟೆ,
ಕರಿಮಣಿ ಕಾಣದ ಕೊರಳಿಗೆ ಅದೇ ಸರ.

ವಿಮಾನದಲ್ಲಿ ನಾನು ಮೇಲೆ, ಗಾಲಿಕುರ್ಚಿ ಕೆಳಗೆ
ಪೆಟ್ಟಿಗೆಗಳ ಜೊತೆ; ನನ್ನ ಕಾಲು ಸಾಮಾನಿನ ಲೆಕ್ಕದಲ್ಲಿ.
ಮಸ್ಕತ್ತಿನಲ್ಲಿ ಕೈಗೆ ಬಂದಾಗ ಪಾದದ ಹಲಗೆ ಸೊಟ್ಟ.
ಕ್ಷಮೆಯ ಚೀಟಿಯಲ್ಲಿ ನನ್ನ ಹೆಸರೂ ಸೊಟ್ಟ: ಬೆನೆಡಿಕ್.

ಹೋಟೆಲಿಗೆ ಮೊದಲೇ ಫೋನು ಮಾಡಿ ಕೇಳಿದ್ದೆವು.
"ಎಲ್ಲ ಅನುಕೂಲ ಇದೆ ಮೇಡಂ, ಒಂದೇ ಮೆಟ್ಟಿಲು."
ಒಂದೇ ಮೆಟ್ಟಿಲು!
ಈಜು ಬಾರದವನಿಗೆ ಒಂದೇ ಕಡಲು ಅಂದ ಹಾಗೆ.
ಟೇಪು ಬಿಚ್ಚಿದೆ. ಮೆಟ್ಟಿಲು ಏಳು ಇಂಚು,
ಬಚ್ಚಲ ಬಾಗಿಲು ಇಪ್ಪತ್ತಮೂರೂವರೆ,
ನನ್ನ ಕುರ್ಚಿ ಇಪ್ಪತ್ತೈದು.
ಒಂದೂವರೆ ಇಂಚು. ರವಿಕೆಯಾಗಿದ್ದರೆ ಹೊಲಿಗೆ ಬಿಚ್ಚಿ ಸಡಿಲ ಬಿಡಬಹುದಿತ್ತು,
ಒಳಗೆ ಅಷ್ಟು ಬಟ್ಟೆ ಯಾವಾಗಲೂ ಉಳಿಸಿರುತ್ತೇನೆ,
ಮೈ ಇದ್ದ ಹಾಗೇ ಇರುವುದಿಲ್ಲ ಎಂದು ಗೊತ್ತಿರುವುದರಿಂದ.
ಈ ಗೋಡೆ ಹೊಲಿದವನಿಗೆ ಯಾರೂ ಕಲಿಸಿರಲಿಲ್ಲ.
"ಕುರ್ಚಿ ಸ್ವಲ್ಪ ಸಣ್ಣದು ತರಬಹುದಿತ್ತು," ಅಂದರು ಮ್ಯಾನೇಜರು.
ಬಟ್ಟೆ ಸಾಲದೆ ಬಂದಾಗ
ಗಿರಾಕಿಯನ್ನು ಕತ್ತರಿಸಿದವಳಲ್ಲ ನಾನು.

ಕೋಟೆಗೆ ಹೋದೆವು. ನಾಲ್ಕು ಜನ, ಒಳ್ಳೆಯವರೇ,
ಕೇಳದೆ, ಅಕ್ಕಿ ಮುಡಿಯ ಹಾಗೆ ಎತ್ತಿದರು,
ಮೇಲೆ ಕೂರಿಸಿ ಜೊತೆಗೆ ನಿಂತು ಫೋಟೋ ತೆಗೆಸಿಕೊಂಡರು.
ಅಲ್ಲಿಂದ ಕಡಲು ಬಹಳ ಚೆಂದ ಕಾಣುತ್ತಿತ್ತಂತೆ.
ನಾನು ನೋಡುತ್ತಿದ್ದುದು
ಇಳಿಸಲು ಆ ನಾಲ್ವರು ಇನ್ನೂ ಇದ್ದಾರೋ ಎಂದು.

ಆಮೇಲೆ ಸೂರ್.
ನಮ್ಮಲ್ಲಿ ಸೂರು ಅಂದರೆ ಮಾಡಿನ ನೆರಳು;
ಇಲ್ಲಿ ನೆರಳಿಲ್ಲ. ಬಿಳಿ ಗೋಡೆ, ಹಸಿರು ಅಳಿವೆ,
ಮರದ ಹಡಗು ಕಟ್ಟುವವರ ಸುತ್ತಿಗೆ ಸದ್ದು.
ಖಲ್ಫಾನನ ದೋಣಿ ಕೆಳಗೆ, ಜಟ್ಟಿ ಮೇಲೆ.
ಟೇಪು ಇಳಿಬಿಟ್ಟೆ: ಐವತ್ತೆರಡು ಇಂಚು.
ಕೈಯಲ್ಲಿ ಉಳಿದದ್ದು ಎಂಟು.

ಅವನು ಎತ್ತಲು ಬರಲಿಲ್ಲ.
ಜೆಸ್ಸಿಯನ್ನು ಕೇಳಲಿಲ್ಲ, ನನ್ನನ್ನೇ ಕೇಳಿದ,
ಮುರುಕು ಹಿಂದಿಯಲ್ಲಿ: "ನೀನು ಹೇಗೆ ಹತ್ತುತ್ತೀ?"
ನಲವತ್ತಾರು ವರ್ಷದಲ್ಲಿ ಈ ಪ್ರಶ್ನೆಗೆ
ಉತ್ತರ ಹೊಂದಿಸಿಡುವ ಪ್ರಮೇಯವೇ ಬಂದಿರಲಿಲ್ಲ.
"ಹತ್ತುವುದಿಲ್ಲ," ಅಂದೆ. "ಉರುಳುತ್ತೇನೆ."
ಅವನು ನೀರು ನೋಡಿದ. ಕಂಬದ ಮೇಲೆ
ಪಾಚಿ ಎಳೆದ ಗೆರೆ ನೋಡಿದ.
"ಹಾಗಾದರೆ ಕಾಯೋಣ. ಭರತ ಬರಲಿ."

ಮೂರು ಗಂಟೆ. ಖರ್ಜೂರ, ಏಲಕ್ಕಿಯ ಕಹ್ವಾ.
ಅವನ ಟೋಪಿ, ಕುಮ್ಮ, ಕೇಳಿ ಇಸಕೊಂಡು ನೋಡಿದೆ:
ಸಾಸಿವೆಯಷ್ಟು ತೂತು, ಒಂದೊಂದರ ಸುತ್ತ ಬಿಳಿ ನೂಲು.
"ಹೆಂಡತಿ. ಏಳು ತಿಂಗಳು," ಅಂದ.
ಕಾಯುವುದು ಗೊತ್ತಿರುವ ಮನೆ.

ನೀರು ಏರಿತು, ಸದ್ದಿಲ್ಲದೆ,
ಉಪಕಾರ ಮಾಡುವವರ ಮುಖ ಹೊತ್ತುಕೊಳ್ಳದೆ.
ದೋಣಿ ಎದ್ದು ಜಟ್ಟಿಗೆ ಭುಜ ಕೊಟ್ಟಿತು.
ಹಡಗಿನವರಿಂದ ತಂದ ತೇಗದ ಹಲಗೆ ಹಾಸಿದ.
ಉರುಳಿದೆ.
ಅಷ್ಟೆ.

ಗಾಲಿ ತಿರುಗದೆಯೇ ಊರು ಹಿಂದೆ ಸರಿಯಿತು.
ಜೆಸ್ಸಿ ಅತ್ತಳು. ನಾನು ಅಳಲಿಲ್ಲ,
ಬ್ರೇಕು ಬಿದ್ದಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿದೆ.

ಮರಳುವಾಗ ಇಳಿತ ಶುರು; ಒಂದು ಗೇಣು ಏರು.
ಹಿಂದಿನಿಂದ ದೂಡಿದ, ಕೇಳಿಕೊಂಡು.
ಹೋಟೆಲು ಬಿಲ್ಲಿನ ಬೆನ್ನಿಗೆ ಬರೆದುಕೊಟ್ಟೆ:
ಅಗಲ ಮೂವತ್ತೆರಡು, ಉದ್ದ ಒಂಬತ್ತು ಅಡಿ,
ಎರಡೂ ಅಂಚಿಗೆ ಎರಡಿಂಚು ಪಟ್ಟಿ, ಗಾಲಿ ಜಾರದ ಹಾಗೆ,
ಬಣ್ಣಕ್ಕೆ ಒಂದು ಮುಷ್ಟಿ ಮರಳು.
ಮಡಚಿ ಕುಮ್ಮದೊಳಗೆ ಇಟ್ಟುಕೊಂಡ.
ಹಲಗೆ ಕೊಯ್ಯುತ್ತಾನೋ, ಬೆವರಿಗೆ ಶಾಯಿ ಕರಗುತ್ತದೋ,
ನನಗೆ ಗೊತ್ತಿಲ್ಲ.

ಟೇಪು ಮತ್ತೆ ಕೊರಳಿಗೆ ಬಂತು.
ತುದಿಯಲ್ಲಿ, ಐವತ್ತರ ಆಚೆ,
ಉಪ್ಪು ಹತ್ತಿತ್ತು.