ಅನುಬಂಧ ಮೂರು

ಬದಿಯಡ್ಕದ ಬಸ್‌ಸ್ಟ್ಯಾಂಡಿನೆದುರು, ಮಾಳಿಗೆಯಲ್ಲಿ,
ನನ್ನದೊಂದು ಡಿಟಿಪಿ ಅಂಗಡಿ.
ಮದುವೆ ಕಾಗದ, ಬ್ಯಾಂಕಿನ ಅರ್ಜಿ,
ಉರೂಸಿನ ನೋಟೀಸು, ಕೋಲದ ಕರಪತ್ರ,
ಒಂದೇ ಸುದ್ದಿ ಎರಡು ಲಿಪಿಯಲ್ಲಿ.

ವಿಲ್ಮಾ ಕ್ರಾಸ್ತಾ ಟೀಚರು ಬಂದದ್ದು
ಒಂದು ಪೆನ್‌ಡ್ರೈವು, ಒಂದು ಕಟ್ಟು ಕಾಗದ ಹಿಡಿದು;
ಉಗುರಿನ ಸಂದಿಯಲ್ಲಿ ಕೆಂಪು.
ಮುನ್ನೂರ ನಲುವತ್ತು ಪುಟದ ಪ್ರಬಂಧ,
ಮೊದಲರ್ಧ ಮಣ್ಣು, ಉಳಿದರ್ಧ ಮಕ್ಕಳು.
"ಇದು ನಮ್ಮ ವಿಭಾಗದ್ದಲ್ಲ ಅಂತ
ಎರಡೂ ವಿಭಾಗದವರು ಹೇಳಿಯಾಯಿತು" ಎಂದು ನಕ್ಕರು.

ಮಣ್ಣಿನ ಭಾಗ ಇಂಗ್ಲಿಷು.
ನನಗದು ಬರಿಯ ಕೆಳಗಿಳಿಸಬೇಕಾದ ಅಂಕಿ:
ಕಬ್ಬಿಣದ ಕಾಲಬುಡಕ್ಕೆ ಎರಡು, ಆಮ್ಲಜನಕದ ಕಾಲಬುಡಕ್ಕೆ ಮೂರು.
ಒಂದು ಕಡೆ ಇಳಿಸಲು ಮರೆತಿದ್ದೆ.
ಟೀಚರು ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿದರು, ಬೈಯಲಿಲ್ಲ.

ಚಾ ಕುಡಿಯುತ್ತ ವಿವರಿಸಿದರು:
ನಮ್ಮ ಮುರಮಣ್ಣಿನಲ್ಲಿ ರಂಜಕ ಇಲ್ಲದ್ದಲ್ಲ.
ಕಬ್ಬಿಣ ಅದನ್ನು ಹಿಡಿದುಕೊಂಡು ಕೂತಿದೆ,
ಸೊಸೆಯ ಬಳೆಯನ್ನು ಅತ್ತೆ ಕಪಾಟಿನಲ್ಲಿಟ್ಟು
ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹಾಗೆ.
ಬೇರು ಬಂದು ಕೇಳಿದರೆ ನಾಳೆ ಎನ್ನುತ್ತದೆ.
ಅದಕ್ಕೇ ಎರಡು ಲೆಕ್ಕ:
ಒಟ್ಟು ಎಷ್ಟು, ಲಭ್ಯ ಎಷ್ಟು.

ಆ ಎರಡು ಕಾಲಮ್ಮು ತುಂಬಿಸುವಾಗ
ನನ್ನ ಹತ್ತನೆಯ ಕ್ಲಾಸು ಎದ್ದು ನಿಂತಿತು.
ತೆಂಕಿನಿಂದ ಬಂದ ಮಾಷ್ಟ್ರು ಮಲಯಾಳದಲ್ಲಿ ಹೇಳುತ್ತಿದ್ದರು,
ಪುಸ್ತಕ ಕನ್ನಡದಲ್ಲಿರುತ್ತಿತ್ತು,
ನಾವು ತುಳುವಿನಲ್ಲಿ ನಗುತ್ತಿದ್ದೆವು.
'ಪ್ರತ್ಯಾಮ್ಲ' ಎಂಬ ಶಬ್ದ ತಲೆಯೊಳಗೆ ಈಗಲೂ ಇದೆ;
ಮೂವತ್ತು ವರ್ಷ, ಯಾವ ಬೇರೂ ಮುಟ್ಟಿಲ್ಲ.

ಅನುಬಂಧ ಮೂರು ಮಾತ್ರ ಕನ್ನಡ.
ನಾಲ್ಕು ಶಾಲೆ, ನೂರ ಹನ್ನೆರಡು ಮಕ್ಕಳು, ಒಂದೇ ಪ್ರಶ್ನೆ:
ನಿನ್ನ ಮನೆಯ ಹಿಂದಿನ ಮಣ್ಣು ಎಂಥದ್ದು? ಹೇಗೆ ಗೊತ್ತು?
ಕಾಗುಣಿತ ತಿದ್ದಬೇಡಿ, ಇದ್ದ ಹಾಗೇ ಇರಲಿ, ಎಂದಿದ್ದರು.
ತಿದ್ದದೆ ಇರುವುದು ಎಷ್ಟು ಕಷ್ಟ!
'ಮಣ್ನು' ಎಂದು ಹೊಡೆಯಲು ಬೆರಳು ಮೂರು ಸಲ ಹಿಂದೆಗೆಯಿತು.

ಒಬ್ಬ ಬರೆದಿದ್ದ: ನಮ್ಮದು ಪಾರೆ, ಮಣ್ಣಿಲ್ಲ,
ಕಲ್ಲು ಕೊಯ್ಯುವ ಮಿಶಿನಿನ ಹುಡಿ ಇದೆ.
ಅಪ್ಪನ ಅಂಗಿಯಲ್ಲಿ ಬರುತ್ತದೆ, ಒಗೆದರೂ ಹೋಗುವುದಿಲ್ಲ,
ಆದ್ದರಿಂದ ಕಬ್ಬಿಣ ಇರಬಹುದು.

ಇನ್ನೊಬ್ಬಳು: ಪುಸ್ತಕದಲ್ಲಿರುವ ಮಣ್ಣು ನಮ್ಮಲ್ಲಿಲ್ಲ.
ಅಷ್ಟೇ.

ಎಪ್ಪತ್ತೊಂಬತ್ತನೆಯದು ಮಿಸ್ರಿಯಾ, ಏಳನೆಯ ಕ್ಲಾಸು:
ಪುನರ್ಪುಳಿ ಶರಬತ್ತಿಗೆ ಉಮ್ಮಾಮನ ಎಲೆಪೆಟ್ಟಿಗೆಯ ಸುಣ್ಣ ಹಾಕಿದೆ, ನೀಲಿ ಆಯಿತು.
ಬೇರೆ ಲೋಟಕ್ಕೆ ಮಣ್ಣು ಹಾಕಿದೆ, ಕೆಂಪೇ ಉಳಿಯಿತು.
ನಮ್ಮ ಮಣ್ಣಿಗೆ ಪುಳಿ ಇದೆ.
ಉಮ್ಮಾಮ ಬೈದರು.

ಅದರ ಕೆಳಗೆ ಟೀಚರ ಸಣ್ಣ ಅಕ್ಷರ:
ಶರಬತ್ತೇ ಹುಳಿ, ಕೆಂಪುಳಿದದ್ದು ಸಾಕ್ಷಿಯಲ್ಲ.
ಹಾಗೆಂದು ನಾನು ಹೇಳಲಿಲ್ಲ, ಒಂದು ವಾರ ಕಾದೆ.

ಮುಂದಿನ ಹಾಳೆಯಲ್ಲಿ ಮತ್ತೆ ಮಿಸ್ರಿಯಾ:
ಮೊನ್ನೆಯದ್ದು ಸರಿಯಲ್ಲ, ಶರಬತ್ತೇ ಪುಳಿ.
ಈ ಸಲ ನೀಲಿಯಾದದ್ದಕ್ಕೇ ಮಣ್ಣು ಹಾಕುತ್ತಾ ಹೋದೆ.
ಹದಿನಾರನೆಯ ಚಮಚಕ್ಕೆ ನೀಲಿ ಹೋಯಿತು.
ಈಗ ಉಮ್ಮಾಮನೇ ಚಮಚ ಎಣಿಸಿದರು.

ಕೈ ಕೀಬೋರ್ಡಿನ ಮೇಲೇ ನಿಂತಿತು.
ಕೆಳಗೆ ಮುಳ್ಳೇರಿಯದ ಕಡೆಯ ಬಸ್ಸು ಹಾರ್ನು ಹಾಕಿ ಹೊರಟಿತು, ನನ್ನದೇ ಬಸ್ಸು.
'ಪುಳಿ'ಯ ಅಡಿಯಲ್ಲಿ ಯಂತ್ರ
ಕೆಂಪು ಗೆರೆ ಎಳೆದಿತ್ತು, ತಪ್ಪು ಎಂದು.
ಇರಲಿ, ಹುಳಿಗೆ ಕೆಂಪೇ ತಾನೆ!

ಪುಟಕ್ಕೆ ಹದಿನೆಂಟು ರೂಪಾಯಿ. ಬಿಟ್ಟುಕೊಡಲಿಲ್ಲ, ಅವರೂ ಕೇಳಲಿಲ್ಲ.
ಚೀಲ ಕೊಡವಿ ಚಿಲ್ಲರೆ ಹುಡುಕುವಾಗ
ಮೇಜಿನ ಮೇಲೆಲ್ಲ ಹುಡಿ ಬಿತ್ತು, ಒರೆಸಿದೆವು.
ಆದರೂ ನೋಡಿ, ಅಂದಿನಿಂದ ನನ್ನ ಕೀಬೋರ್ಡಿನಲ್ಲಿ
'ಣ' ಬರುವ ಗುಂಡಿ
ಒತ್ತಿದಾಗಲೆಲ್ಲ ಕರಕರ ಎನ್ನುತ್ತದೆ.