ಎಂಬತ್ತನೇ ನಂಬರಿನ ಕಾಗದ

ಬಣ್ಣ ಕರಗಿಸುವ ಎಣ್ಣೆ ಬೇಡ ಎಂದೆ.
ತಗಡಿನ ಕಾರಿಗಾದರೆ ಬಳಿದು, ಚಹಾ ಕುಡಿದು ಬರುವಷ್ಟರಲ್ಲಿ
ಗುಳ್ಳೆಯೆದ್ದು ತಾನೇ ಜಾರುತ್ತದೆ.
ಇದು ಫೈಬರು. ಬಣ್ಣ ಯಾವುದು, ಮೈ ಯಾವುದು
ಎಣ್ಣೆಗೆ ಗೊತ್ತಾಗುವುದಿಲ್ಲ. ಎರಡನ್ನೂ ತಿನ್ನುತ್ತದೆ.

"ಹಾಗಾದರೆ ಎಂತ ಮಾಡುವುದು?" ಶಮ್ಮಾಸ್ ಮೊಬೈಲು ಕಿಸೆಗೆ ಹಾಕಿದ.
ಕೈಯಲ್ಲಿ ಉಜ್ಜುವುದು.
"ಎಷ್ಟು ದಿನ?"
ಬೋಟುಗಳೆಲ್ಲ ದಡ ಹತ್ತಿವೆ. ದಿನ ನನ್ನಲ್ಲಿ ಉಂಟು.

ವರ್ಕಾಡಿಯ ಯಾವುದೋ ಕೊಟ್ಟಿಗೆಯಲ್ಲಿ ಮಡಲು ಹೊದ್ದು ಮಲಗಿತ್ತಂತೆ
ಎರಡೇ ಬಾಗಿಲಿನ ಈ ಕಾರು. ಬೆಂಗಳೂರಲ್ಲಿ ಹುಟ್ಟಿ
ಕಡಲ ಪ್ರಾಣಿಯ ಹೆಸರಿಟ್ಟುಕೊಂಡದ್ದು.
ಅದಕ್ಕೇ ಇರಬೇಕು, ಗ್ಯಾರೇಜುಗಳೆಲ್ಲ ಕೈ ಚೆಲ್ಲಿದ ಮೇಲೆ
ಬಂಗ್ರಮಂಜೇಶ್ವರಕ್ಕೆ,
ದೋಣಿಗೆ ತೇಪೆ ಹಾಕುವ ನನ್ನ ಹತ್ತಿರ ತಂದರು.

ಮೊದಲು ಕೆಂಪು. ಸುಳ್ಳು ಕೆಂಪು ಅದು,
ಬ್ಲೇಡು ಓರೆ ಹಿಡಿದರೆ ಮೀನಿನ ಪರೆಯಂತೆ ಹಾರಿತು.
ಅದರಡಿ ಬಿಳಿ; ಬಿಳಿಯಲ್ಲಿ ಅರ್ಧ ಅಳಿದ ಮಲಯಾಳ ಅಕ್ಷರ,
ಯಾರನ್ನೋ ಗೆಲ್ಲಿಸಲು ಕೇಳಿಕೊಂಡದ್ದು.
ಆಮೇಲೆ ಹಸಿರು, ಬ್ರಶ್ಶಿನಲ್ಲೇ ದಪ್ಪಕ್ಕೆ ಬಳಿದದ್ದು,
ಬ್ರಶ್ಶಿನ ಒಂದು ಕೂದಲೂ ಒಳಗೆ ಸಿಕ್ಕಿಕೊಂಡಿತ್ತು.
ನೀರು ಬಿಟ್ಟು ಉಜ್ಜುತ್ತ ಹೋದೆ.
ಹಸಿರು ಹಾಲು ಬೆರಳ ಸಂದಿನಿಂದ ಮೊಣಕೈಗಿಳಿದು
ಮರಳಿಗೆ ಹೋಯಿತು.

ಸಂಜೆ ಬಿಸಿನೀರು ಮುಟ್ಟುವ ಹಾಗಿಲ್ಲ.
ಬಿಸಿಗೆ ಚರ್ಮ ಬಾಯಿ ತೆರೆದು ಗಾಜಿನ ನೂಲನ್ನು ನುಂಗಿಬಿಡುತ್ತದೆ.
ತಣ್ಣೀರು ಸುರಿದುಕೊಂಡು, ಮಕ್ಕಳ ಪೌಡರು ಮೆತ್ತಿಕೊಂಡು ಊಟಕ್ಕೆ ಕೂತರೆ
ಯಮುನಾ ನಗುತ್ತಾಳೆ: ಯಾವ ತೊಟ್ಟಿಲಿನಿಂದ ಎದ್ದು ಬಂದಿರಿ?

ನಾಲ್ಕನೇ ದಿನ ಹಳದಿಯೂ ಮುಗಿದು ಕೆನೆಬಣ್ಣ ಬಂತು.
ಆ ಕೆನೆಬಣ್ಣ ನನಗೆ ಗೊತ್ತು.
ಹಿಲ್ಡಾ ಡಾಕ್ಟ್ರಮ್ಮನ ಕಾರು.
ಇಂಥದ್ದು ಊರಲ್ಲಿ ಎರಡು ಇದ್ದಿರಲೂಬಹುದು ಎಂದುಕೊಂಡು
ಎಡ ಬದಿಗೆ ಹೋಗಲಿಲ್ಲ. ಆ ದಿನವಿಡೀ ಬಾನೆಟ್ಟನ್ನೇ
ಬೇಡದಷ್ಟು ನಯ ಮಾಡಿದೆ.

ಐದನೇ ದಿನ ಹೋದೆ.
ಎಡ ಹಿಂಚಕ್ರದ ಮೇಲೆ ಅಂಗೈಯಗಲ.
ಕಾರಿನ ನೇಯ್ಗೆ ಅಲ್ಲ ಅದು, ದೋಣಿಗೆ ಹಾಕುವ ಚಾಪೆ,
ಹುಲ್ಲು ಚೆಲ್ಲಿದ ಹಾಗೆ ಅಡ್ಡಾದಿಡ್ಡಿ ಎಳೆ.
ಅಂಚಿನಲ್ಲಿ, ಅಂಟು ಒಣಗುವ ಮೊದಲೇ ಒತ್ತಿದ
ಹೆಬ್ಬೆರಳು. ಗೆರೆಗೆರೆಯಲ್ಲೂ ಕೆನೆಬಣ್ಣ ಕೂತು
ಈಗಷ್ಟೇ ಒತ್ತಿದ ಹಾಗಿತ್ತು.

ನನಗೆ ಹದಿನಾರು. ಡಾಕ್ಟ್ರಮ್ಮ ರೈಲಿನಲ್ಲಿ ಮಂಗಳೂರಿಗೆ,
ಚನಿಯಣ್ಣ ಊಟಕ್ಕೆ. ಕೀಲಿ ಕಾರಿನಲ್ಲೇ.
ಆಸ್ಪತ್ರೆಯ ಗೇಟಿನಿಂದ ಕಡಲಿನವರೆಗೆ ಎರಡನೇ ಗೇರಿನಲ್ಲೇ ಹೋದೆ,
ತಿರುಗಿ ಬರುವಾಗ ಮುರಕಲ್ಲಿನ ಕಂಬ.
ತಗಡಾಗಿದ್ದರೆ ಬಾಗುತ್ತಿತ್ತು. ಇದು ಟಪ್ಪೆಂದು
ಹಪ್ಪಳದ ಹಾಗೆ ಒಡೆಯಿತು.
ರಾತ್ರಿ ಯಾರ್ಡಿನಿಂದ ಚಾಪೆ ತಂದೆ, ಅಂಟು ತಂದೆ,
ಬೋಟಿನ ಕ್ಯಾಬಿನ್ನಿಗೆ ತಂದಿಟ್ಟ ಡಬ್ಬಿಯಿಂದ ಬಣ್ಣ ಕದ್ದೆ.
ಒಂದು ಎಳೆ ಹೆಚ್ಚು ಹಳದಿ. ಡಾಕ್ಟರ ಕಣ್ಣು, ಬಿಟ್ಟೀತೇ?

ಗೊತ್ತಿಲ್ಲ ಅಮ್ಮ, ಎಂದ ಚನಿಯಣ್ಣ. ಅವನಿಗೆ ಗೊತ್ತಿರಲಿಲ್ಲ.
ಒಡೆದದ್ದನ್ನು ಕ್ಷಮಿಸುತ್ತಿದ್ದೆ, ಸುಳ್ಳನ್ನಲ್ಲ, ಎಂದರಂತೆ ಅವರು.
ಆಮೇಲೆ ಹೊಸಂಗಡಿಯಲ್ಲಿ ಸೋಡಾ ಗಾಡಿ ಇಟ್ಟ.
ಒಮ್ಮೆ ನಾನೂ ಕುಡಿದೆ. ದುಡ್ಡು ತಗೊಳ್ಳಲಿಲ್ಲ,
ನಮ್ಮ ಹುಡುಗ ಅಂತ.

ಶಮ್ಮಾಸ್ ಬಗ್ಗಿ ನೋಡಿದ. "ಇದೆಂತ, ಹಳೇ ಗಾಯ?"
ದೋಣಿ ಗೊತ್ತಿದ್ದವನ ಕೆಲಸ. ಕಾರು ಗೊತ್ತಿಲ್ಲದವನದು.
"ಒಳ್ಳೇದುಂಟಾ?"
ಬಿಟ್ಟಿಲ್ಲ ನೋಡು. ಮೂವತ್ತೈದು ವರ್ಷ ಹಿಡಿದುಕೊಂಡಿದೆ.

ಅವನು ಹೋದ ಮೇಲೆ ಹೆಬ್ಬೆರಳು ಇಟ್ಟು ನೋಡಿದೆ.
ಈ ಬೆರಳಿನಲ್ಲಿ ಗೆರೆಯೇ ಇಲ್ಲ,
ಕಾಗದ ಯಾವತ್ತೋ ತಿಂದಾಗಿದೆ. ಆಧಾರಿನ ಹುಡುಗಿ
ಯಂತ್ರಕ್ಕೆ ಒತ್ತಿಸಿ ಒತ್ತಿಸಿ ಸೋತು
ಕಣ್ಣು ತೋರಿಸಿ ಎಂದಿದ್ದಳು.

ಬಾಲ್ದಿಯಲ್ಲಿ ನೂರಿಪ್ಪತ್ತರ ಕಾಗದ
ನೆನೆಯುತ್ತ ಉಂಟು.