ಬೆಂಕಿ ಕಾಣದ ಡಿಕಾಕ್ಷನ್

ಪೈಪಿನ ಗ್ಯಾಸು ನಿಂತು ಇವತ್ತಿಗೆ ನಾಲ್ಕು ದಿನ.
ಕೆಳಗೆ ರಸ್ತೆ ಅಗೆದಿದ್ದಾರೆ, ಹಳದಿ ಟೋಪಿಯವರು
ಬಗ್ಗಿ ನೋಡುತ್ತಾರೆ, ತಲೆಯಾಡಿಸುತ್ತಾರೆ, ಚಹಾಕ್ಕೆ ಹೋಗುತ್ತಾರೆ.
ವಡಾಳದ ಮೇ ತಿಂಗಳು. ಫ್ಯಾನಿನ ಗಾಳಿಗೂ ಜ್ವರ.

ಎದುರು ಖೋಲಿಯ ಮುಗ್ಧಾ, ರಾತ್ರಿಪಾಳಿಯ ನರ್ಸು,
ಬೀಗ ತೆಗೆಯುತ್ತ ಹೇಳಿದಳು:
‘ಅಣ್ಣಾ, ಒಲೆ ಯಾಕೆ? ತಣ್ಣೀರಲ್ಲಿ ಪುಡಿ ಹಾಕಿಡಿ,
ಹದಿನಾರು ಗಂಟೆ ಮರೆತುಬಿಡಿ.’
ನಕ್ಕೆ. ನನಗೆ ಹೇಳುತ್ತಾಳೆ, ಕಾಫಿ!
ಮೂವತ್ತೆಂಟು ವರ್ಷ ಬಾಯ್ಲರಿನ ಮಗ್ಗುಲಲ್ಲಿ ನಿಂತವನಿಗೆ,
ಮೊಣಕೈಯಿಂದ ಮಣಿಕಟ್ಟಿನವರೆಗೆ
ಹಬೆ ಬರೆದದ್ದು ಇನ್ನೂ ಅಳಿಯದವನಿಗೆ.

ಆದರೂ ಹೋದೆ ಮಾಟುಂಗಕ್ಕೆ, ಬಿಸಿಲಲ್ಲಿ.
‘ಕಾಲು ಕಿಲೋ. ಚಿಕೋರಿ ಬೇಡ. ದಪ್ಪಗೆ ಬೀಸು,
ಉಪ್ಪಿಟ್ಟಿನ ರವೆಯ ಹಾಗೆ.’
ಗಿರಣಿಯ ಚೆಲ್ಲಪ್ಪ ಕನ್ನಡಕ ಇಳಿಸಿ ನೋಡಿದ,
ಮನೆಯಲ್ಲಿ ಎಲ್ಲ ಸೌಖ್ಯವೇ ಎಂಬಂತೆ.

ಗಾಜಿನ ಭರಣಿ, ಉಪ್ಪಿನಕಾಯಿಯದು. ಮೂರು ಸಲ ತೊಳೆದು
ನಿಂಬೆಸಿಪ್ಪೆ ಉಜ್ಜಿ ಕಿಟಕಿಯಲ್ಲಿ ಒಣಗಿಸಿದೆ;
ಮುಚ್ಚಳ ಮಾತ್ರ ಇನ್ನೂ ಮಾವಿನ ಪಕ್ಷ.
ಒಂದು ಲೋಟ ಪುಡಿ. ಮಡಕೆಯ ನೀರು ಐದು ಲೋಟ.
ಸುರಿದೆ. ಏನೂ ಆಗಲಿಲ್ಲ.
ಸುಯ್ ಅನ್ನಲಿಲ್ಲ, ಉಬ್ಬಲಿಲ್ಲ,
ಘಮ ಎದ್ದು ಕೊರಳಿಗೆ ಬೀಳಲಿಲ್ಲ.
ಪುಡಿ ಮೇಲೆಯೇ ತೇಲಿತು, ದಾದರಿನಲ್ಲಿ ಇಳಿದ
ಮೊದಲ ದಿನದ ಹುಡುಗನಂತೆ, ಟ್ರಂಕು ಬಿಡದೆ.
ಚಮಚದಲ್ಲಿ ಒತ್ತಿದೆ: ಇಳಿಯೋ ಮಾರಾಯ.
ಭರಣಿಯ ಸೊಂಟಕ್ಕೆ ಒದ್ದೆ ಬಟ್ಟೆ ಸುತ್ತಿ ಮೂಲೆಗಿಟ್ಟೆ.

ಹದಿನಾರು ಗಂಟೆ!
ಹೋಟೆಲಿನಲ್ಲಿ ಹದಿನಾರು ನಿಮಿಷ ತಡವಾದರೆ
ಗಲ್ಲೆಯ ಮುಂದೆ ಗದ್ದಲ.
‘ದೋನ್ ಕಾಫಿ, ಏಕ್ ಕಡಕ್, ಮೂರನೇ ಟೇಬಲ್!’
ಆ ಕೂಗಿಗೆ ಕೈ ಓಡುತ್ತಿತ್ತು,
ನಾನು ಅದರ ಹಿಂದಿನಿಂದ.

ಸಂಜೆ ಒಮ್ಮೆ ನೋಡಿದೆ. ರಾತ್ರಿ ಹಾರ್ಬರ್ ಲೈನಿನ ಕೊನೇ ಗಾಡಿ
ಕಿಟಕಿ ನಡುಗಿಸಿ ಹೋದಾಗ
ಭರಣಿಯೊಳಗೂ ಒಂದು ಸಣ್ಣ ಉಂಗುರ.
ಮೂರೂವರೆಗೆ ಎಚ್ಚರ, ಬಾಯ್ಲರು ಹಚ್ಚುವ ಹೊತ್ತು,
ಬಾಯ್ಲರು ಗುಜರಿಗೆ ಹೋಗಿ ಎರಡು ವರ್ಷವಾದರೂ.
ಟಾರ್ಚು ಹಿಡಿದೆ. ಪುಡಿಯೆಲ್ಲ ತಳದಲ್ಲಿ,
ಯಾರೂ ಒತ್ತದೆ, ತಾನಾಗಿ.
ನೀರು ಮಾತ್ರ ಎಚ್ಚರವಾಗಿತ್ತು, ಕಪ್ಪಗೆ.

ಬೆಳಿಗ್ಗೆ ಹಳೆ ಪಂಚೆಯ ತುಂಡಿನಲ್ಲಿ ಸೋಸಿದೆ.
ಹಿಂಡಬೇಡಿ ಎಂದಿದ್ದಳು. ಹಿಂಡಲಿಲ್ಲ;
ತೊಟ್ಟು ತೊಟ್ಟಾಗಿ ಬೀಳುವುದನ್ನು ಕೂತು ನೋಡಿದೆ.
ಕಾಫಿ ಮಾಡುವಾಗ ನಾನು ಕೂತದ್ದು
ಇದೇ ಮೊದಲು.

ಒಂದು ಗುಟುಕು. ಕಹಿ ಎಲ್ಲಿ?
ನಾಲಿಗೆಯ ಬುಡದಲ್ಲಿ ಹುಡುಕಿದೆ. ಸಿಕ್ಕಿದ್ದು
ನೇರಳೆ ತಿಂದ ಮೇಲಿನ ಒಗರು,
ಬೆಲ್ಲದ ಡಬ್ಬಿಯ ತಳ ಕೆರೆದ ವಾಸನೆ.
ಇದು ಬೀಜದೊಳಗೆ ಮೊದಲೇ ಇತ್ತೆ?
ದಿನಕ್ಕೆ ಆರುನೂರು ಲೋಟ ಕೊಟ್ಟೆನಲ್ಲ,
ಒಬ್ಬರಿಗೂ ಇದನ್ನು ಕೊಡಲಿಲ್ಲವೆ?
ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗಲಿಲ್ಲ.

ಎಂಟಕ್ಕೆ ಮೆಟ್ಟಿಲಲ್ಲಿ ಅವಳ ಚಪ್ಪಲಿಯ ಸದ್ದು.
ಪಾನ್ ಅಂಗಡಿಯಿಂದ ತಂದ ಮಂಜುಗಡ್ಡೆ ಬಟ್ಟಲಲ್ಲಿ,
ಹಾಲು ಸಕ್ಕರೆ ಬೆರೆತ ಲೋಟ ಬಲಗೈಯಲ್ಲಿ.
ಆ ಕೈ ತಾನೇ ಎದ್ದಿತು, ಗಜದೆತ್ತರ;
ಒಂದು ಹನಿ ತಪ್ಪದೆ ಇಳಿಯಿತು ಧಾರೆ.
ನೊರೆ ನಿಲ್ಲಲಿಲ್ಲ. ಮಂಜುಗಡ್ಡೆ ಕಿಣಿಕಿಣಿ ಅಂದಿತು.
‘ಅಣ್ಣಾ, ಅದು ತಣ್ಣಗೇ ಇದೆ,
ಇನ್ನು ಆರಿಸುವುದು ಯಾಕೆ?’

ಕೈಗೆ ಯಾರು ಹೇಳಬೇಕು.
ಇನ್ನೊಮ್ಮೆ ಎತ್ತಿದೆ.